ಮರಳಲ್ಲಿ ಹೂತಿಟ್ಟ ಮಜ್ಜಿಗೆ ತಂಬಿಗೆ

“ನನ್ನ ಅಡ್ಡಿಕೆ ಆ ಬಟ್ಟೇಲೇ ಇತ್ತೂಂದ್ರೆ!” ಎಂದು ನನ್ನವಳು ಕೂಗಿಕೊಂಡಳು.

ಭಾನುವಾರ ಕಚೇರಿಗೆ ರಜೆಯೆಂದು ನರಸೀಪುರದಿಂದ ಗಾಡಿ ಕಟ್ಟಿಸಿಕೊಂಡು ತಲಕಾಡಿನ ಗುಡಿಗಳನ್ನು ನೋಡಲು ಬಂದಿದ್ದೆವು. ಹೊಳೆಗಿಳಿಯುವ ಮುನ್ನ ಅವಳು ತವರಿನವರು ಕೊಟ್ಟಿದ್ದ ಚಿನ್ನದ ಅಡ್ಡಿಕೆಯನ್ನು ಕೊರಳಿಂದ ಬಿಚ್ಚಿ, ಮಜ್ಜಿಗೆ ತಂಬಿಗೆಗೆ ಸುತ್ತಿದ್ದ ಒದ್ದೆ ಬಟ್ಟೆಯಲ್ಲಿ ಗಂಟು ಹಾಕಿದ್ದಳು. ಅದನ್ನರಿಯದ ನಾನು, ಮಜ್ಜಿಗೆ ತಂಪಾಗಿರಲೆಂದು ತಂಬಿಗೆಯನ್ನು ಮರಳಲ್ಲಿ ಹೂತಿಟ್ಟೆ. ಗುರುತಿಗೆ ಏನು ಹಿಡಿದೆ ಗೊತ್ತೇ? ಗುಡಿಯ ಕಂಬದ ನೆರಳಿನ ತುದಿಯನ್ನು! ನಾನು ಅರ್ಧ ಮುಚ್ಚಿಹೋದ ಗುಡಿಗಳ ನಡುವೆ ಅಡ್ಡಾಡಿ, ಅವಳು ಮಿಂದು ಬರುವಷ್ಟರಲ್ಲಿ ನೆರಳು ಎತ್ತಲೋ ಸರಿದಿತ್ತು. ಹೆಜ್ಜೆಗಳನ್ನು ಗಾಳಿ ಅಳಿಸಿತ್ತು. ಕಂಡಕಂಡಲ್ಲಿ ತೋಡಿದೆ. ಅವಳು ಅಳತೊಡಗಿದಳು.

ಅಲ್ಲೇ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಬಂದು ವಿಷಯ ಕೇಳಿ, ನನ್ನ ಕಾಲನ್ನೇ ನೋಡಿದಳು.

“ಬೂಟ್ಸು ಆಕ್ಕೊಂಡು ಉಡುಕುದ್ರೆ ಎಲ್ಲಿ ಸಿಕ್ಕದು ಸಾ? ಬಿಚ್ಚಾಕಿ ನಡೀರಿ. ಕಾಲ್ಗೆ ತಣ್ಗೆ ಅನ್ನೋ ತಾವು ತೋಡಿ.”

ಬಿಚ್ಚಿದೆ. ಸುಡುವ ಮರಳಲ್ಲಿ ಕುಣಿಯುತ್ತ ಹತ್ತಿಪ್ಪತ್ತು ಹೆಜ್ಜೆ ಇಟ್ಟಿರಬೇಕು, ಒಂದು ಕಡೆ ಅಂಗಾಲಿಗೆ ಹಾಯೆನಿಸಿತು. ಗೇಣು ತೋಡುವುದರೊಳಗೆ ತಂಬಿಗೆ ಕೈಗೆ ತಗುಲಿತು. ಬಟ್ಟೆ ಇನ್ನೂ ಹಸಿಯಾಗಿತ್ತು, ಗಂಟು ಹಾಗೇ ಇತ್ತು.

ಮಜ್ಜಿಗೆಯನ್ನು ಮೊದಲು ಮುದುಕಿಗೇ ಕೊಟ್ಟೆವು. ಈಗಲೂ ನಾನು ಬೂಟ್ಸು ಮೆಟ್ಟಿ ಗತ್ತಿನಿಂದ ಕಚೇರಿಗೆ ಹೊರಟರೆ, ನನ್ನವಳು “ನೆರಳು ನೋಡ್ಕೊಂಡು ಹೋಗಿ” ಎಂದು ನಗುತ್ತಾಳೆ. ನನ್ನ ಅಂಗಾಲು ಮಾತ್ರ ಆ ಒಂದು ಹೆಜ್ಜೆಯ ತಂಪನ್ನು ಇನ್ನೂ ಮರೆತಿಲ್ಲ.