ಕೊಟ್ಟು ಗೆದ್ದ ಕ್ಲಬ್ಬು

ತೆಲುಗು ಸೀಮಿಯ ಜೀಡಿಮೆಟ್ಲಾದ ನಮ್ಮ ಕಾರ್ಖಾನಿಯೊಳಗ ಎರಡು ಫುಟ್‌ಬಾಲ್ ಕ್ಲಬ್ ಇದ್ವು, ಕನ್ನಡದವರದೊಂದು, ತೆಲುಗಿನವರದೊಂದು. ಒಬ್ಬರನ್ನೊಬ್ಬರು ಸೋಲಿಸೋದು ಬಿಟ್ರ ಬ್ಯಾರೆ ಯಾರನ್ನೂ ಸೋಲಿಸಿದ್ದಿಲ್ಲ. ಮ್ಯಾನೇಜರ್ ಸಾಹೇಬರು ಬ್ಯಾಸತ್ತು, "ಒಂದಾಗ್ರಿ, ಇಲ್ಲಾಂದ್ರ ಮೈದಾನದಾಗ ಗೋದಾಮು ಕಟ್ಟಸ್ತೀನಿ" ಅಂದ್ರು. ಒಂದಾದ್ವಿ.

ಕಾರ್ಖಾನಿಗಳ ಟೂರ್ನಮೆಂಟಿನ ಮೊದಲನೇ ಪಂದ್ಯದಾಗ ಗೋಲಿನ ಮುಂದ ನಾ ಇದ್ದೆ, ಕಾಲಾಗ ಚೆಂಡಿತ್ತು. ಗದಗದಿಂದ ಬಂದು ತಿಂಗಳಾಗಿತ್ತಷ್ಟ, ತೆಲುಗು ಬರತಿದ್ದಿಲ್ಲ. ಬಾಜೂಕಿಂದ ಕ್ಯಾಪ್ಟನ್ ರೆಡ್ಡಿ "ಕೊಟ್ಟು! ಕೊಟ್ಟು!" ಅಂತ ಚೀರಿದ. ಚೆಂಡು ಕೇಳಾಕತ್ತಾನಂತ ತಿಳಿದು ಅವಗ ಕೊಟ್ಟೆ. ಎದುರಿನ ಗೋಲ್‌ಕೀಪರ್ ಆಗಲೇ ನನ್ನ ಕಡೆ ಹಾರಿ ಬಿದ್ದಿದ್ದ. ರೆಡ್ಡಿ ನನಗ ಬೈಕೋಂತನ ಖಾಲಿ ಗೋಲಿಗೆ ಒದ್ದ.

ಆಮ್ಯಾಲೆ ಹಿಂದಿಯೊಳಗ ತಿಳಿಸಿದ, ತೆಲುಗಿನಾಗ ಕೊಟ್ಟು ಅಂದ್ರ ಹೊಡಿ ಅಂತ. ನಮ್ಮಲ್ಲಿ ಕೊಟ್ಟು ಅಂದ್ರ ಕೊಡೋದು ಅಂದೆ. ಅವ ಸುತ್ತಮುತ್ತ ನೋಡಿ, "ಯಾರಿಗೂ ಹೇಳಬ್ಯಾಡ" ಅಂದ.

ಅಲ್ಲಿಂದ ಆರು ಪಂದ್ಯ ಗೆದ್ವಿ. ರೆಡ್ಡಿ ಚೀರೋದು, ಗೋಲ್‌ಕೀಪರ್ ಹಾರೋದು, ನಾ ಕೊಡೋದು.

ಫೈನಲ್‌ನಾಗೂ ರೆಡ್ಡಿ ಚೀರಿದ, ನಾ ಕೊಟ್ಟೆ. ಗೋಲ್‌ಕೀಪರ್ ಮಾತ್ರ ಮಿಸುಕಲಿಲ್ಲ. ರೆಡ್ಡಿ ಒದ್ದ ಚೆಂಡನ್ನ ಎದಿಗೆ ಅವಚಿಕೊಂಡು ನನ್ನ ಕಡೆ ನೋಡಿ ನಕ್ಕ.

"ಆರಾಮ ಇದ್ದೀರೇನ್ರಿ? ನಮ್ದು ಬೀದರ."