ಎರಡು ಡ್ರಿಲ್ಲು, ಒಂದು ಸೊಟ್ಟ ತೂತು

ಅಕ್ಕೂರಿನ ಅಕ್ಕನ ಮನೆಯಲ್ಲಿ ಈಗ ಎರಡು ಡ್ರಿಲ್ ಮೆಷಿನ್ನುಗಳಿವೆ. ಒಂದಕ್ಕೆ ವೈರಿದೆ, ಇನ್ನೊಂದಕ್ಕಿಲ್ಲ. ವೈರಿರುವುದು ಭಾವನ ಪಕ್ಷ, ಇಲ್ಲದ್ದು ನನ್ನ ಪಕ್ಷ. ಒಂದು ಮನೆಗೆ ಎರಡು ಯಾಕೆ ಎಂದು ಕೇಳುವವರು ನಮ್ಮ ಕಡೆಯ ಗಂಡಸರನ್ನು ಕಂಡಿಲ್ಲ.

ನಡೆದದ್ದನ್ನು ನೆನಪಿರುವಂತೆ ಬರೆಯುತ್ತೇನೆ. ನನ್ನ ನೆನಪುಗಳಲ್ಲಿ ಸಾಮಾನ್ಯವಾಗಿ ನಾನೇ ಸರಿಯಿರುತ್ತೇನೆ. ನನಗೆ ಅನುಮಾನ ಹುಟ್ಟಿಸುವುದೂ ಅದೇ.

ಆ ಸಲ ಅಕ್ಕ ಎಂದಿಗಿಂತ ಹೆಚ್ಚು ರೇಷ್ಮೆ ಹುಳು ಸಾಕಿದ್ದಳು. ಅವು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು, ಅಲುಗದೆ ಕೂತು ಪೊರೆ ಕಳಚುವ ಹೊತ್ತು. ಎದ್ದ ಮೇಲೆ ಹುಳುಗಳಿಗೆ ಇದ್ದ ಜಾಗ ಸಾಲುವುದಿಲ್ಲ. ಹರವಿ ಬಿಡದಿದ್ದರೆ ಒಂದರ ಮೇಲೊಂದು ಬಿದ್ದು ರೋಗ ಹತ್ತುತ್ತದೆ, ಬೆಳೆ ಹೋಗುತ್ತದೆ. ಅದಕ್ಕೆಂದೇ ಅವಳು ಪಕ್ಕದ ಖಾಲಿ ಕೋಣೆಗೆ ಕಬ್ಬಿಣದ ಸ್ಟ್ಯಾಂಡ್ ತರಿಸಿದ್ದಳು. ಗೋಡೆಗೆ ಬಿಗಿಯದಿದ್ದರೆ ಸೊಪ್ಪಿನ ಭಾರಕ್ಕೆ ಅದು ವಾಲುತ್ತದೆ. ಬೇಕಿದ್ದದ್ದು ನಾಲ್ಕು ತೂತು. ಹುಳು ಏಳುವುದು ಮಾರನೇ ಬೆಳಿಗ್ಗೆ.

ನಾನು ರಾಮನಗರದಿಂದ ಹೊಸ ಬ್ಯಾಟರಿ ಡ್ರಿಲ್ ಹಿಡಿದು ಮಧ್ಯಾಹ್ನವೇ ಹೋಗಿ ಚಾರ್ಜಿಗೆ ಹಾಕಿದೆ. ಕೊಳ್ಳುವ ಮುಂಚೆ ಮೊಬೈಲಿನಲ್ಲಿ ಓದಿದ್ದನ್ನು ಎಂ.ಎ.ಗೆ ಓದಿದ್ದರೆ ರ‍್ಯಾಂಕ್ ಬರುತ್ತಿತ್ತು. ತೋಟದಿಂದ ಬಂದ ಭಾವ ತಮ್ಮ ವೈರಿನ ಡ್ರಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತರು.

"ಏನ್ ಭಾಮೈದ, ಹಲ್ಲುಜ್ಜೋ ಬ್ರಶ್ಶಾ ಅದು?"

"ಬ್ಯಾಟ್ರಿದು ಭಾವ. ಎಲ್ಲಿಗೆ ಬೇಕಾದ್ರೂ ಹಿಡ್ಕೊಂಡು ಹೋಗ್ಬೋದು. ವೈರಿನ ಹಂಗಿಲ್ಲ."

"ಗೋಡೆ ಎಲ್ಲಿಗೂ ಓಡೋಗಕಿಲ್ಲ ಕಣಪ್ಪ, ಇಲ್ಲೇ ಐತೆ. ಇದ್ನ ನೋಡು, ಕರೆಂಟ್ ಇರೋಗಂಟ ಶಕ್ತಿ."

"ಕರೆಂಟ್ ಹೋದ್ರೆ?"

"ಯಾಕ್ಲಾ ಹೋಯ್ತದೆ? ನಾನಿಲ್ವಾ?"

ಈ ಕೊನೆಯ ಮಾತನ್ನು ಅವರೇ ಆಡಿದರೋ, ಆಮೇಲೆ ನಾನು ಸೇರಿಸಿದೆನೋ ಗೊತ್ತಿಲ್ಲ. ಅವರ ಬಾಯಿಗೆ ಚೆನ್ನಾಗಿ ಹೊಂದುತ್ತದೆ, ಇರಲಿ.

ಭಾವ ಖಾಲಿ ಕೋಣೆಗೆ ಹೋಗಿ, ಗೋಡೆಗೆ ಡ್ರಿಲ್ಲಿಟ್ಟು ಸ್ವಿಚ್ ಒತ್ತಿದರು. ಊಟ ಮುಗಿಸಿ ಏಳುವ ದಪ್ಪ ಮನುಷ್ಯನಂತೆ ಮೆಷಿನ್ನು ಮುಲುಕಿ, ಗೋಡೆಯ ಸುಣ್ಣ ಕೆರೆದು, ಸುಮ್ಮನಾಯಿತು. ನಾನು ವಿಜಯದ ನಗೆಯೊಂದಿಗೆ ನನ್ನದನ್ನು ಎತ್ತಿಕೊಂಡೆ. ಅದು ಅರ್ಧ ಸುತ್ತು ತಿರುಗಿ ನಿಂತಿತು. ಚಾರ್ಜರಿನ ಕೆಂಪು ದೀಪ ಮಧ್ಯಾಹ್ನದಿಂದ ಕಣ್ಣು ಮಿಟುಕಿಸುತ್ತಲೇ ಇತ್ತು. ಸೋತವರಿಬ್ಬರೂ ಯಾವುದು ಮೇಲು ಎಂಬ ಚರ್ಚೆಯನ್ನು ಇನ್ನಷ್ಟು ಜೋರಾಗಿ ಮುಂದುವರಿಸಿದೆವು.

ಹುಳುಮನೆಯಿಂದ, ಜ್ವರದ ಹುಳುಗಳ ಮೇಲೆ ಉದುರಿಸುವ ಸುಣ್ಣದ ಪುಡಿಯನ್ನು ಕೈಗೆಲ್ಲ ಮೆತ್ತಿಕೊಂಡು ಅಕ್ಕ ಹೊರಗೆ ಬಂದಳು.

"ಬಲ್ಬ್ ನೋಡ್ರಪ್ಪ, ಬೀಡಿ ತುದಿ ಉರ್ದಂಗೆ ಉರೀತಾ ಐತೆ. ತ್ವಾಟದಲ್ಲಿ ಯಾರ ಮೋಟ್ರು ಓಡ್ತಾ ಐತೆ?"

ಭಾವ ಸೂರು ನೋಡಿದರು.

ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೆಲವು ಹೊತ್ತು ಮಾತ್ರ ಬರುತ್ತದೆ. ಉಳಿದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ, ಮನೆಗೆ ಬರುವ ಕರೆಂಟಿನಲ್ಲೇ ಮೋಟರು ಓಡಿಸುತ್ತಾರೆ. ಕೇಳಿದರೆ ಯಾರೂ ಹಾಗೆ ಮಾಡುವುದಿಲ್ಲ, ಆದರೆ ಎಲ್ಲರ ತೋಟದಲ್ಲೂ ನೀರು ಹರಿಯುತ್ತಿರುತ್ತದೆ. ಭಾವನ ಡ್ರಿಲ್ಲಿನ ಶಕ್ತಿಯನ್ನು ಭಾವನ ಪಂಪೇ ಕುಡಿಯುತ್ತಿತ್ತು. ಯಾರ ಹಂಗೂ ಇಲ್ಲದ ನನ್ನ ಮೆಷಿನ್ನಿನ ಚಾರ್ಜರು ಜೋತುಬಿದ್ದಿದ್ದದ್ದೂ ಅದೇ ಕರೆಂಟಿಗೆ.

"ಮೊದ್ಲು ನಿಮ್ದು ಆಫ್ ಮಾಡಿ," ಎಂದಳು ಅಕ್ಕ.

"ನಂದೊಂದ್ ಆಫ್ ಮಾಡುದ್ರೆ ಏನ್ ಬತ್ತದೆ? ಊರೋರ್ದೆಲ್ಲ ಓಡ್ತಾ ಅವೆ."

ಅಕ್ಕ ಅವರ ಜೊತೆ ವಾದಕ್ಕೆ ನಿಲ್ಲಲಿಲ್ಲ. ಬೀದಿಗಿಳಿದು ಕೂಗಿದಳು: "ನಮ್ ಹುಳ ಬೆಳಿಗ್ಗೆ ಏಳ್ತವೆ ಕಣ್ರಪ್ಪೋ! ಸ್ಟ್ಯಾಂಡ್ ಬಿಗೀಬೇಕು. ಒಸಿ ಹೊತ್ತು ಮೋಟ್ರು ನಿಲ್ಸಿ!"

ಆ ಊರಿನಲ್ಲಿ ಪಕ್ಕದವನಿಗೆ ದಾರಿ ಬಿಡದವರಿದ್ದಾರೆ. ಆದರೆ ಹುಳು ಏಳುತ್ತವೆ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ. ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ದಿನ ಏಳುವ ಹುಳುಗಳೇ. ಒಬ್ಬರಿಂದೊಬ್ಬರಿಗೆ ಫೋನು ಹೋಯಿತು, ಮೋಟರುಗಳು ನಿಂತವು, ಬಲ್ಬಿಗೆ ಜೀವ ಬಂತು. ಎಲ್ಲರಿಗಿಂತ ಕೊನೆಗೆ ನಿಂತದ್ದು ಭಾವನದು. ತೋಟ ದೂರವಂತೆ.

ಮೂರು ತೂತುಗಳನ್ನು ವೈರಿನ ಡ್ರಿಲ್ಲು ಕೊರೆಯಿತು, ಒಪ್ಪುತ್ತೇನೆ. ನಾಲ್ಕನೆಯದು ಮೂಲೆಯಲ್ಲಿತ್ತು. ಅಲ್ಲಿಗೆ ವೈರು ಎಟುಕದೆ, ಅಷ್ಟರಲ್ಲಿ ತುಸು ಚಾರ್ಜಾಗಿದ್ದ ಬ್ಯಾಟರಿಯಲ್ಲಿ ನಾನೇ ಕೊರೆದೆ. ಇದು ನನಗೆ ಸ್ಪಷ್ಟವಾಗಿ ನೆನಪಿತ್ತು. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಕೊಂಡು ತಾವೇ ಕೊರೆದದ್ದು ಭಾವನಿಗೂ ಅಷ್ಟೇ ಸ್ಪಷ್ಟವಾಗಿ ನೆನಪಿತ್ತು. ಮುದ್ದೆ ಆರಿಹೋಗುವವರೆಗೂ ಇಬ್ಬರೂ ಆ ತೂತನ್ನು ಬಿಟ್ಟುಕೊಡಲಿಲ್ಲ.

ಬೆಳಿಗ್ಗೆ ಹುಳುಗಳು ಎದ್ದವು. ಅಕ್ಕ ಒಂದಷ್ಟನ್ನು ಹೊಸ ಸ್ಟ್ಯಾಂಡಿಗೆ ಹರವಿದಳು. ಯಾವ ಡ್ರಿಲ್ಲೆಂದು ವಿಚಾರಿಸದೆ ಅವು ತಿನ್ನತೊಡಗಿದವು. ಅಕ್ಕ ಬಗ್ಗಿ ಮೂಲೆಯ ಕಡೆ ನೋಡಿದಳು. ಅಲ್ಲಿನ ತೂತು ಸೊಟ್ಟಗೆ ಮೇಲಕ್ಕೆ ಹೋಗಿ, ಸ್ಟ್ಯಾಂಡಿನ ಒಂದು ಕಾಲು ನೆಲ ಬಿಟ್ಟು ನಿಂತಿತ್ತು.

"ಇದ್ಯಾವನು ಕೊರ್ದಿದ್ದು?"

"ನಾನಲ್ಲಪ್ಪ," ಎಂದರು ಭಾವ. "ಅಲ್ಲಿಗಂಟ ನನ್ ವೈರ್ ಎಲ್ಲಿ ಎಟುಕ್ತದೆ?"

"ನನ್ ಬ್ಯಾಟ್ರಿ ಆಗ ಚಾರ್ಜೇ ಆಗಿರ್ಲಿಲ್ಲ ಕಣಕ್ಕ," ಎಂದೆ ನಾನು.

ಸುಳ್ಳು ಹೇಳಿದೆನೆಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುತ್ತಿಲ್ಲ. ಎಷ್ಟು ಯೋಚಿಸಿದರೂ ಆ ಮೂಲೆಯಲ್ಲಿ ಭಾವನ ಬೆನ್ನೇ ಕಾಣುತ್ತದೆ.

ಅಕ್ಕ ರೇಷ್ಮೆ ಸೊಪ್ಪಿನ ಕಡ್ಡಿಯ ತುಂಡೊಂದನ್ನು ಆ ಕಾಲಿನಡಿ ತುರುಕಿ, ಸ್ಟ್ಯಾಂಡನ್ನು ಅಲುಗಿಸಿ ನೋಡಿ, ಇನ್ನಷ್ಟು ಹುಳುಗಳನ್ನು ತರಲು ಹೋದಳು. ಭಾವ ಮೋಟರು ಹಾಕಲು ತೋಟಕ್ಕೆ ಹೊರಟರು. ನಾನು, ಯಾವುದಕ್ಕೂ ಇರಲಿ ಎಂದು, ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ.