ದೊಡ್ಡಪ್ಪನ ಹೆಸರಿನ ಮುಂದಿನ ಕೆಂಪು ಗುರುತು

ಮಾರ್ಚ್ 9, ಭಾನುವಾರ. ಬೆಳಿಗ್ಗೆ ಏಳೂ ಹತ್ತಕ್ಕೆ ಬರೆಯಲು ಕೂತಿದ್ದೇನೆ. ದೊಡ್ಡಪ್ಪ ತೀರಿಕೊಂಡು ಇವತ್ತಿಗೆ ನಲವತ್ತೊಂದು ದಿನ.

ಕೊಳ್ಳೇಗಾಲದಲ್ಲಿ ರಾಜ್ಯಶಾಸ್ತ್ರ ಓದುವಾಗ ಅಮೆರಿಕದ ಪಕ್ಷಗಳ ಪಾಠ ನನಗೆ ಬಹಳ ಹಿಡಿಸಿತ್ತು. ಅಲ್ಲಿ ಮುಖ್ಯವಾಗಿ ಎರಡೇ ಪಕ್ಷ. ಒಂದು ನಗರದವರನ್ನು, ಕಪ್ಪು ಜನರನ್ನು, ಪದವಿ ಪಡೆದ ಹೆಂಗಸರನ್ನು ಕೂಡಿಸಿಕೊಳ್ಳುತ್ತದೆ. ಇನ್ನೊಂದು ಹಳ್ಳಿಯವರನ್ನು, ಚರ್ಚಿಗೆ ತಪ್ಪದೆ ಹೋಗುವವರನ್ನು, ಕಾಲೇಜು ಮೆಟ್ಟಿಲು ಹತ್ತದ ಬಿಳಿಯ ಕಾರ್ಮಿಕರನ್ನು. ಎರಡೂ ಕಡೆ ದ್ವೇಷ ಹೆಚ್ಚಿದಷ್ಟೂ ಎದುರಿನವರ ಮನಸ್ಸು ಬದಲಿಸುವ ಪ್ರಯತ್ನ ಕಡಿಮೆಯಾಗುತ್ತದೆ. ತಮ್ಮವರನ್ನು ಮತಗಟ್ಟೆಗೆ ತರುವುದೇ ದೊಡ್ಡ ಕೆಲಸವಾಗುತ್ತದೆ. ಹಾಳೆಯ ಅಂಚಿನಲ್ಲಿ ‘ನಮ್ಮೂರಿಗೂ ಸರಿ’ ಎಂದು ಬರೆದುಕೊಂಡಿದ್ದೆ.

ಕಳೆದ ವಿಧಾನಸಭಾ ಚುನಾವಣೆಯಲ್ಲಿ, ಬಂಡಳ್ಳಿ ಪಕ್ಕದ ನಮ್ಮೂರಿನ ಮತದಾರರ ಪಟ್ಟಿಯನ್ನು ನಮ್ಮ ಪಕ್ಷದವರು ನನ್ನ ಕೈಗೇ ಕೊಟ್ಟರು. ಬೀದಿ ಬೀದಿ ಲೆಕ್ಕ ಹಾಕಿದೆ: ನಮಗೆ ದೊಡ್ಡ ಬೀದಿಯಲ್ಲಿ ಅರ್ಧ, ಕೂಲಿಯವರ ಬೀದಿ ಪೂರ್ತಿ, ತಮಿಳು ಮಾತಾಡುವ ಒಂಬತ್ತು ಮನೆ. ನಮ್ಮವರಿಗೆ ಹಸಿರು, ಎದುರು ಪಕ್ಷದವರಿಗೆ ಕೆಂಪು. ಕೆಂಪು ಮನೆಗೆ ಕ್ರಮಸಂಖ್ಯೆಯ ಚೀಟಿ ಕೊಡುವಂತಿಲ್ಲ, ಗಾಡಿ ಕಳಿಸುವಂತಿಲ್ಲ.

ದೊಡ್ಡಪ್ಪನಿಗೂ ಕೆಂಪು ಹಾಕಿದೆ. ಟೀ ಅಂಗಡಿಯಲ್ಲಿ ಅವರು ನಮ್ಮ ಪಕ್ಷವನ್ನು ಬಯ್ದದ್ದು ನನ್ನ ಡೈರಿಯಲ್ಲಿ ಮೂರು ಸಲ ದಾಖಲಾಗಿತ್ತು.

“ಯಾರ ಕಡೆ ದೊಡ್ಡಪ್ಪ ನೀವು?” ಎಂದು ಕೇಳಿಯೂ ಇದ್ದೆ.

“ಅವರ್ನೂ ಬಯ್ತೀನಿ, ಇವರ್ನೂ ಬಯ್ತೀನಿ. ಓಟು ಯಾರ್ಗೆ ಅಂತ ನಿಮ್ ದೊಡ್ಡವ್ವಂಗೇ ಯೋಳಿಲ್ಲ, ನಿಂಗ್ ಯೋಳ್ತೀನೇನ್ಲಾ?” ಎಂದು ನಕ್ಕಿದ್ದರು.

ಅವರಿಗೆ ಮಂಡಿ ನೋವು ಬಂದ ಮೇಲೆ, ಹಿಂದಿನ ಎರಡು ಚುನಾವಣೆಗೂ ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಆ ಸಲ ಹಸಿರು ಮನೆಯವರನ್ನು ಕರೆತರಲು ಹದಿನೇಳು ಸಲ ಓಡಾಡಿದೆ. ಹದಿನೇಳೂ ಸಲ ದೊಡ್ಡಪ್ಪನ ಮನೆಯ ಮುಂದೆಯೇ ಹಾದುಹೋದೆ. ಒಗೆದ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಆ ಕಡೆಯವರು ಬಂದು ಕರೆದೊಯ್ಯುತ್ತಾರೆ ಎಂದುಕೊಂಡೆ. ಮತದಾನ ಮುಗಿಸಿ ವಾಪಸು ಬಂದಾಗಲೂ ಅಲ್ಲೇ ಇದ್ದರು.

“ಬೈಕಲ್ಲಿ ಜಾಗ ಇರ್ನಿಲ್ವೇನ್ಲಾ?”

ಅಷ್ಟೇ ಕೇಳಿದರು. ಶಾಯಿ ಬೀಳದ ಎಡಗೈ ಬೆರಳನ್ನು ಒಮ್ಮೆ ನೋಡಿಕೊಂಡು ಒಳಗೆ ಹೋದರು. ಆಮೇಲೆ ನಮ್ಮ ಮನೆ ಕಡೆ ಬರಲೇ ಇಲ್ಲ. ನಾನೂ ಹೋಗಿ ಕ್ಷಮೆ ಕೇಳಲಿಲ್ಲ. ಕೇಳಬೇಕೆಂದು ಡೈರಿಯಲ್ಲಿ ಐದು ಸಲ ಬರೆದಿದ್ದೇನೆ.

ಆ ಕಡೆಯವರೂ ಯಾಕೆ ಬರಲಿಲ್ಲ? ನಮ್ಮ ಮನೆಯವರೆಂದು ಅವರೂ ಕೆಂಪು ಹಾಕಿದ್ದರೇ? ಅವರ ಪಟ್ಟಿ ಇದನ್ನು ಓದುವ ಯಾರ ಬಳಿಯಾದರೂ ಇನ್ನೂ ಇದ್ದರೆ, ದೊಡ್ಡಪ್ಪನ ಹೆಸರಿನ ಮುಂದೆ ಯಾವ ಗುರುತಿತ್ತೆಂದು ದಯವಿಟ್ಟು ನನಗೆ ಬರೆದು ತಿಳಿಸಿ.